ಜಪ್ತಿಯಾದ ನಕ್ಷತ್ರ ಆಮೆಗಳನ್ನು ಎಲ್ಲಿ ಬಿಡಬೇಕು? ಡಿಎನ್‌ಎ ಎಷ್ಟು ಹೇಳಬಲ್ಲದು?

ಬಯಲುಸೀಮೆ:
ಕಳ್ಳಸಾಗಣೆಯಲ್ಲಿ ಸಿಕ್ಕ 60 ನಕ್ಷತ್ರ ಆಮೆಗಳು ಪುನರ್ವಸತಿ ಕೇಂದ್ರವೊಂದರಲ್ಲಿವೆ ಎಂದುಕೊಳ್ಳಿ. ಎಲ್ಲಿ ಹಿಡಿದದ್ದು ಎಂಬುದಕ್ಕೆ ದಾಖಲೆಯಿಲ್ಲ. ಹತ್ತಿರದ ಕುರುಚಲು ಕಾಡಿಗೆ ಬಿಟ್ಟರಾಯಿತು ಎನ್ನುವವರು ಹೆಚ್ಚು. ಡಿಎನ್‌ಎ ನೋಡಿ ಮೂಲ ಪತ್ತೆ ಮಾಡಬಹುದೆ? ರಕ್ತ ಎಷ್ಟು ಬೇಕು, ಯಾವ ಪರೀಕ್ಷೆ ಸರಿ? ಮೂಲ ತಿಳಿಯದವನ್ನು ಏನು ಮಾಡುವುದು? ಚಿಪ್ಪಿನ ಗೆರೆ ನೋಡಿಯೇ ಊರು ಹೇಳಬಹುದು ಎಂಬ ಮಾತನ್ನು ನಂಬಬಹುದೆ?

ಲ್ಯಾಬ್‌ಮೇಜು:
ಗೆರೆಗಳನ್ನು ನಂಬಬೇಡಿ. ಒಂದೇ ಹೊಲದ ಬದುವಿನಲ್ಲಿ ಸಿಕ್ಕ ಆಮೆಗಳಲ್ಲೂ ಗೆರೆಗಳ ಸಂಖ್ಯೆ, ದಪ್ಪ ಬೇರೆ ಬೇರೆ ಇರುತ್ತವೆ.

ಡಿಎನ್‌ಎ ಉಪಯೋಗಕ್ಕೆ ಬರುತ್ತದೆ, ಆದರೆ ಎಲ್ಲಿಯವರೆಗೆ ಎಂಬುದನ್ನು ಮೊದಲೇ ತಿಳಿದಿರಬೇಕು. ಈ ಆಮೆಯ ನೆಲೆ ಮೂರು ತುಂಡಾಗಿ ಹಂಚಿಹೋಗಿದೆ: ಗುಜರಾತ್–ರಾಜಸ್ಥಾನದಿಂದ ಪಾಕಿಸ್ತಾನದ ಅಂಚಿನವರೆಗೆ ಒಂದು, ದಕ್ಷಿಣ ಭಾರತದ ಒಣಸೀಮೆ ಇನ್ನೊಂದು, ಶ್ರೀಲಂಕಾ ಮತ್ತೊಂದು. ಸಿಂಗಾಪುರದಲ್ಲಿ ಸಿಕ್ಕಿ ಹೈದರಾಬಾದಿಗೆ ಮರಳಿದ್ದ ಆಮೆಗಳ ಮೂಲ ಹುಡುಕಲು ಅಲ್ಲಿನ ಸಿಸಿಎಂಬಿ (ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ) ವಿಜ್ಞಾನಿಗಳು ಮೈಟೊಕಾಂಡ್ರಿಯಾ (ಕೋಶದ ಶಕ್ತಿಘಟಕ) ಡಿಎನ್‌ಎ ಮತ್ತು ಮೈಕ್ರೋಸ್ಯಾಟಲೈಟ್ (ನ್ಯೂಕ್ಲಿಯಸ್ಸಿನ ಡಿಎನ್‌ಎಯಲ್ಲಿ ಮರುಕಳಿಸುವ ಚಿಕ್ಕ ತುಣುಕುಗಳು) ಎರಡನ್ನೂ ಬಳಸಿ 2006ರಲ್ಲಿ ಪ್ರಕಟಿಸಿದರು. 2025ರಲ್ಲಿ ಬಂದ ಜೀನೋಮ್ (ಇಡೀ ಡಿಎನ್‌ಎ) ಮಟ್ಟದ ಅಧ್ಯಯನ ಭಾರತದೊಳಗೆ ವಾಯವ್ಯ ಮತ್ತು ದಕ್ಷಿಣ ಎಂಬ ಎರಡು ಸ್ಪಷ್ಟ ವಂಶಗಳನ್ನು ತೋರಿಸಿತು. ಹಾಗಾಗಿ 'ಇದು ಕಛ್ ಕಡೆಯದೋ, ದಕ್ಷಿಣದ್ದೋ' ಎಂಬುದಕ್ಕೆ ಗಟ್ಟಿ ಉತ್ತರ ಸಿಗುತ್ತದೆ. 'ಕೋಲಾರದ್ದೋ, ಅನಂತಪುರದ್ದೋ' ಎಂದರೆ ಸಿಗುವುದು ಕಷ್ಟ. ಆ ಎರಡೂ ಒಂದೇ ಒಣಸೀಮೆಯ ಭಾಗ, ನಡುವೆ ಆಮೆ ದಾಟಲಾರದ ಅಡ್ಡಿಯಿಲ್ಲ.

ಪರೀಕ್ಷೆಗೆ ಮುಂಚೆ ಬೇಕಾದದ್ದು ಉಲ್ಲೇಖ ಸಂಗ್ರಹ, ಅಂದರೆ ಸಿಕ್ಕ ಜಾಗ ಖಚಿತವಿರುವ ಕಾಡಿನ ಆಮೆಗಳ ಮಾದರಿ. ಮೈಕ್ರೋಸ್ಯಾಟಲೈಟ್ ಆದರೆ ಪ್ರತಿ ಜಾಗದಿಂದ 25–30 ಆಮೆ, 12–15 ಗುರುತುಗಳು. ಡಿಡಿರ್‍ಯಾಡ್ ವಿಧಾನದಲ್ಲಿ (ಡಿಎನ್‌ಎಯ ಆಯ್ದ ಭಾಗಗಳನ್ನಷ್ಟೇ ಓದುವುದು) ಸಾವಿರಾರು ಎಸ್‌ಎನ್‌ಪಿ (ಒಂದೇ ಅಕ್ಷರದ ವ್ಯತ್ಯಾಸಗಳು) ಸಿಗುವುದರಿಂದ 8–10 ಆಮೆ ಸಾಕಾಗುತ್ತದೆ, ಆದರೆ ಡಿಎನ್‌ಎ ತುಂಡಾಗಿರಬಾರದು. ಬರೀ ಮೈಟೊಕಾಂಡ್ರಿಯಾ ನೋಡಿ ತೀರ್ಮಾನ ಬೇಡ. ಅದು ತಾಯಿಯ ಕಡೆಯ ಕಥೆ ಮಾತ್ರ ಹೇಳುತ್ತದೆ. ತಾಯಿ ದಕ್ಷಿಣದ್ದು, ತಂದೆ ಗುಜರಾತಿನದ್ದು ಆಗಿ ಸೆರೆಯಲ್ಲಿ ಹುಟ್ಟಿದ ಮರಿ ಅದರಲ್ಲಿ ಅಪ್ಪಟ ದಕ್ಷಿಣದ್ದಾಗಿಯೇ ಕಾಣುತ್ತದೆ. ಇನ್ನೊಂದು ತೊಡಕು, ಮೈಟೊಕಾಂಡ್ರಿಯಾದ ತುಣುಕುಗಳ ನಕಲುಗಳು ನ್ಯೂಕ್ಲಿಯಸ್ಸಿನ ಡಿಎನ್‌ಎಯಲ್ಲೂ ಸೇರಿಕೊಂಡಿರಬಹುದು. ಸೀಕ್ವೆನ್ಸಿನಲ್ಲಿ ಜೋಡಿ ಶಿಖರಗಳು ಕಂಡರೆ, ಪ್ರೋಟೀನ್ ಜೀನಿನ ನಡುವೆ ಸ್ಟಾಪ್ ಕೋಡಾನ್ (ಪ್ರೋಟೀನ್ ಇಲ್ಲಿಗೆ ಮುಗಿಯಿತು ಎಂಬ ಸಂಕೇತ) ಬಂದರೆ, ಆ ಮಾದರಿಯನ್ನು ಬೇರೆ ಪ್ರೈಮರ್‌ನಿಂದ (ಓದಬೇಕಾದ ಭಾಗವನ್ನು ಹಿಡಿಯುವ ಚಿಕ್ಕ ಡಿಎನ್‌ಎ ತುಣುಕು) ಮತ್ತೆ ಮಾಡಿ.

ಮೃಗವೈದ್ಯೆ:
ರಕ್ತದ ವಿಷಯ. ಆಮೆಯ ಕೆಂಪು ರಕ್ತಕಣಗಳಲ್ಲಿ ನ್ಯೂಕ್ಲಿಯಸ್ ಇರುವುದರಿಂದ 0.1 ಮಿ.ಲೀ. ಧಾರಾಳ. ಒಟ್ಟು ತೆಗೆಯುವುದು ದೇಹತೂಕದ ಶೇ. 0.5 ಮೀರದಿರಲಿ. ಕತ್ತಿನ ಜುಗುಲಾರ್ ನಾಳ ಒಳ್ಳೆಯದು. ಚಿಪ್ಪಿನ ಕೆಳಗಿನ ಸೈನಸ್‌ನಿಂದ (ರಕ್ತ ತುಂಬಿದ ಕುಹರ) ತೆಗೆದರೆ ದುಗ್ಧರಸ ಬೆರೆತು ರಕ್ತ ತೆಳುವಾಗುತ್ತದೆ, ಡಿಎನ್‌ಎ ಕಡಿಮೆ ಬರುತ್ತದೆ. ಸಣ್ಣ ಮರಿಗಳಿಗೆ ಸೂಜಿ ಬೇಡ, ಬಾಯಿಯ ಒಳಗೋಡೆಗೆ ಸ್ವ್ಯಾಬ್ ಹಾಕಿ.

ಡಿಎನ್‌ಎಗೆಂದೇ ತೆಗೆಯುವ ರಕ್ತಕ್ಕೆ ಹೆಪಾರಿನ್ (ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಟ್ಯೂಬ್ ಬಳಸಬೇಡಿ, ಅದು ಪಿಸಿಆರ್ ಅನ್ನು, ಅಂದರೆ ಡಿಎನ್‌ಎಯ ನಕಲು ಹೆಚ್ಚಿಸುವ ಕ್ರಿಯೆಯನ್ನು, ತಡೆಯುತ್ತದೆ. ನೇರವಾಗಿ ಹತ್ತು ಪಟ್ಟು ಲೈಸಿಸ್ ಬಫರ್‌ಗೆ (ಕೋಶ ಒಡೆಯುವ ದ್ರಾವಣ), ಇಲ್ಲವೇ ಶೇ. 95ರ ಎಥನಾಲ್‌ಗೆ ಹಾಕಿ ತಕ್ಷಣ ಅಲುಗಿಸಿ. ಎಥನಾಲ್‌ಗೆ ಹೆಚ್ಚು ರಕ್ತ ಸುರಿದರೆ ಗಟ್ಟಿ ಉಂಡೆಯಾಗುತ್ತದೆ. ಹೊರಪದರ ಚೆನ್ನಾಗಿದ್ದು, ಒಳಗಿನದು ಕೊಳೆಯುತ್ತದೆ. ತುಂಬ ಮಾದರಿಗಳು ಹಾಳಾಗುವುದೇ ಇಲ್ಲಿ. ಅದೇ ದಿನ ಮೈಕ್ರೋಚಿಪ್ ಹಾಕಿ, ಚಿಪ್ಪಿನ ಮೇಲೆ-ಕೆಳಗೆ ಫೋಟೊ ತೆಗೆದು, ಚಿಪ್ ಸಂಖ್ಯೆಯನ್ನು ಟ್ಯೂಬ್ ಮೇಲೆ ಬರೆಯಿರಿ, ಪೆನ್ಸಿಲಿನಿಂದ. ಎಥನಾಲ್ ಸೋರಿದರೆ ಪೆನ್ನಿನ ಅಕ್ಷರ ಅಳಿಸಿಹೋಗುತ್ತದೆ.

ಮೂಲ ಎಷ್ಟೇ ಖಚಿತವಾದರೂ ರೋಗ ಪರೀಕ್ಷೆಯಿಲ್ಲದೆ ಬಿಡಬಾರದು. ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾ, ಹರ್ಪಿಸ್ ವೈರಸ್‌ಗಳಿಗೆ ಸ್ವ್ಯಾಬ್ ಪಿಸಿಆರ್ ಮಾಡಿ, ಕನಿಷ್ಠ 90 ದಿನ ಪ್ರತ್ಯೇಕವಾಗಿಟ್ಟು, ಮತ್ತೊಮ್ಮೆ ಪರೀಕ್ಷಿಸಿ. ಸಾಗಣೆಯ ಗೋಣಿಚೀಲದಲ್ಲಿ ನೂರಾರು ಆಮೆಗಳು ಒತ್ತಿಕೊಂಡು ಬಂದಿರುತ್ತವೆ. ಒಂದರ ಸೋಂಕು ಎಲ್ಲಕ್ಕೂ ಹತ್ತಿರಬಹುದು, ಹೊರಗೆ ಏನೂ ಕಾಣದೆ ಇರಬಹುದು. ಜಪ್ತಿಯಾದ ಆಮೆ ಮೊಕದ್ದಮೆಯ ಸಾಕ್ಷ್ಯವೂ ಹೌದು. ಮಾದರಿ ತೆಗೆಯಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ, ಬಿಡಲು ನ್ಯಾಯಾಲಯದ ಆದೇಶ, ಎರಡನ್ನೂ ಮೊದಲೇ ಕೇಳಿಟ್ಟುಕೊಳ್ಳಿ.

ಅಂಕಿಲೆಕ್ಕ:
ವಿಶ್ಲೇಷಣೆಯಲ್ಲಿ ಎಡವುವ ಜಾಗಗಳನ್ನು ಹೇಳುತ್ತೇನೆ.

ದೊಡ್ಡದು ಇದು: ಮೂಲ ಹೊಂದಿಸುವ ತಂತ್ರಾಂಶ ತನ್ನ ಬಳಿ ಇರುವ ಹೆಸರುಗಳಲ್ಲೇ ಒಂದನ್ನು ಆರಿಸುತ್ತದೆ. ನಿಮ್ಮ ಸಂಗ್ರಹದಲ್ಲಿ ಶ್ರೀಲಂಕಾ ಇಲ್ಲದಿದ್ದರೆ ಶ್ರೀಲಂಕಾದ ಆಮೆಗೂ ಅದು ತಮಿಳುನಾಡು ಎಂದೇ ಹೇಳಬಹುದು, ಅದೂ ಶೇ. 95ರ ವಿಶ್ವಾಸದಿಂದ. ಆದ್ದರಿಂದ ಹೊಂದಾಣಿಕೆಯ ಜೊತೆಗೆ ಹೊರಗಿಡುವ ಪರೀಕ್ಷೆಯನ್ನೂ ನಡೆಸಿ. ಯಾವ ಗುಂಪಿನಲ್ಲೂ ಸಂಭಾವ್ಯತೆ 0.05 ದಾಟದ ಆಮೆಯನ್ನು 'ಮೂಲ ತಿಳಿಯದು' ಎಂದೇ ಬರೆಯಿರಿ. ಉಲ್ಲೇಖದ ಆಮೆಗಳನ್ನೂ ಒಂದೊಂದಾಗಿ ಹೊರತೆಗೆದು, ತಂತ್ರಾಂಶ ಅವುಗಳ ಊರನ್ನು ಸರಿಯಾಗಿ ಹೇಳುತ್ತದೆಯೇ ನೋಡಿ. ಗೊತ್ತಿದ್ದದ್ದನ್ನೇ ಹೇಳದಿದ್ದರೆ ಗೊತ್ತಿಲ್ಲದ್ದನ್ನು ಹೇಗೆ ಹೇಳೀತು?

ಸ್ಟ್ರಕ್ಚರ್ (ಡಿಎನ್‌ಎ ನೋಡಿ ಆಮೆಗಳನ್ನು ಗುಂಪುಗಳಾಗಿ ವಿಂಗಡಿಸುವ ತಂತ್ರಾಂಶ) ನಡೆಸುವಾಗ ಗುಂಪುಗಳ ಸಂಖ್ಯೆ, ಅಂದರೆ ಕೆ, 1ರಿಂದ 6, ಪ್ರತಿಯೊಂದಕ್ಕೂ 10 ಓಟ, ಮೊದಲ 1 ಲಕ್ಷ ಹೆಜ್ಜೆ ಬಿಟ್ಟು ಮುಂದಿನ 5 ಲಕ್ಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಸರಿಯಾದ ಕೆ ಆರಿಸಲು ಬಳಸುವ ಡೆಲ್ಟಾ-ಕೆ ವಿಧಾನ 2ರ ಕಡೆಗೇ ವಾಲುತ್ತದೆ, ಕೆ 1 ಇರಬಹುದೇ ಎಂಬುದನ್ನಂತೂ ಅದು ಅಳೆಯಲಾರದು. ಒಂದೇ ಗೂಡಿನ ಮರಿಗಳು ಸೇರಿಕೊಂಡರೆ ಆ ಕುಟುಂಬವೇ ಒಂದು 'ಸಮುದಾಯ'ವಾಗಿ ಕಾಣುತ್ತದೆ. ಮೊದಲು ಬಂಧುತ್ವ ಲೆಕ್ಕ ಹಾಕಿ, ಪ್ರತಿ ಕುಟುಂಬದಿಂದ ಒಂದನ್ನು ಮಾತ್ರ ಉಳಿಸಿಕೊಳ್ಳಿ.

ಬಯಲುಸೀಮೆ:
ತುಂಬ ಉಪಕಾರವಾಯಿತು. ಮಿಶ್ರ ವಂಶದವು, ಮೂಲ ತಿಳಿಯದವು ಉಳಿದರೆ? ಅವನ್ನೇ ಇಟ್ಟುಕೊಂಡು ಮರಿ ಮಾಡಿಸಿ ಬಿಡಬಹುದೆ?

ಅಂಕಿಲೆಕ್ಕ:
ಮಿಶ್ರ ವಂಶದವನ್ನು ಬಿಡಬೇಡಿ, ಮರಿಯನ್ನೂ ಮಾಡಿಸಬೇಡಿ. ಗಂಡು-ಹೆಣ್ಣು ಬೇರೆ ಆವರಣದಲ್ಲಿರಲಿ. ಹೆಣ್ಣು ವೀರ್ಯವನ್ನು ಬಹುಕಾಲ ಒಳಗೇ ಉಳಿಸಿಕೊಳ್ಳಬಲ್ಲದು, ಆದ್ದರಿಂದ ಬೇರೆ ಮಾಡಿದ ಮೇಲೂ ಮೊಟ್ಟೆಗಳನ್ನು ಹುಡುಕುತ್ತಿರಬೇಕು.

ದಕ್ಷಿಣದ್ದೆಂದು ಖಚಿತವಾದವುಗಳಿಂದ ಮರಿ ಮಾಡಿಸುವುದಾದರೆ ಲೆಕ್ಕ ಹೀಗಿದೆ. ಪರಿಣಾಮಕಾರಿ ಸಂಖ್ಯೆ (ವಂಶವೈವಿಧ್ಯದ ಲೆಕ್ಕದಲ್ಲಿ ನಿಜವಾಗಿ ಎಣಿಕೆಗೆ ಬರುವ ಆಮೆಗಳು) ಅಂದರೆ ನಾಲ್ಕು ಪಟ್ಟು ಗಂಡು ಗುಣಿಸು ಹೆಣ್ಣು, ಭಾಗಿಸು ಒಟ್ಟು. ಗಾಲಪಗೋಸ್‌ನ ಎಸ್ಪನ್ಯೋಲ ದ್ವೀಪದ ದೈತ್ಯ ಆಮೆಗಳಲ್ಲಿ ಉಳಿದಿದ್ದದ್ದು 12 ಹೆಣ್ಣು, 2 ಗಂಡು. ಸ್ಯಾನ್ ಡಿಯಾಗೊ ಮೃಗಾಲಯದಿಂದ ಡಿಯಾಗೊ ಎಂಬ ಮೂರನೆಯ ಗಂಡು ಬಂತು. ಆಮೆ 15 ಇದ್ದರೂ ಪರಿಣಾಮಕಾರಿ ಸಂಖ್ಯೆ 9.6 ಮಾತ್ರ, ಪ್ರತಿ ಪೀಳಿಗೆಗೆ ಸುಮಾರು ಶೇ. 5 ವೈವಿಧ್ಯ ಕರಗುತ್ತದೆ. ಇದು ಮೂರೂ ಗಂಡುಗಳಿಗೆ ಸಮವಾಗಿ ಮರಿಗಳಾದರೆ. ಅಲ್ಲಿ ಪಿತೃತ್ವ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲ ಮರಿಗಳೂ ಎರಡೇ ಗಂಡುಗಳವು ಎಂದು ಕಂಡಿತು. ಹಾಗಾಗಿ ಕನಿಷ್ಠ 20 ಸಂಬಂಧವಿಲ್ಲದ ಆಮೆಗಳಿಂದ ಶುರುಮಾಡಿ. ಗಂಡು-ಹೆಣ್ಣು ಸರಿಸಮ ಇರಲಿ, ಗಂಡುಗಳನ್ನು ಸರದಿಯಂತೆ ಬದಲಿಸುತ್ತಿರಿ.

ಮೃಗವೈದ್ಯೆ:
ಒಂದು ಸೇರಿಸುತ್ತೇನೆ. ಮೊಟ್ಟೆಯ ಕಾವಿನ ಉಷ್ಣತೆಯೇ ಇವುಗಳ ಲಿಂಗ ನಿರ್ಧರಿಸುತ್ತದೆ, ಹೆಚ್ಚು ಬಿಸಿಯಲ್ಲಿ ಹೆಣ್ಣು. ಇನ್‌ಕ್ಯುಬೇಟರ್ ಒಂದೇ ಉಷ್ಣತೆಯಲ್ಲಿಟ್ಟರೆ ಇಡೀ ವರ್ಷದ ಮರಿಗಳೆಲ್ಲ ಒಂದೇ ಲಿಂಗದವಾಗಿಬಿಡಬಹುದು, ಅದು ಹೊರಗಿನಿಂದ ತಿಳಿಯಲು ವರ್ಷಗಳೇ ಬೇಕು. ಒಂದೇ ಗೂಡಿನ ಮೊಟ್ಟೆಗಳನ್ನು ಎರಡು ಪಾಲು ಮಾಡಿ ಬೇರೆ ಬೇರೆ ಉಷ್ಣತೆಯಲ್ಲಿಡಿ, ಯಾವ ಮೊಟ್ಟೆ ಎಲ್ಲಿತ್ತು ಎಂಬುದನ್ನು ಚಿಪ್ ಸಂಖ್ಯೆಯ ಜೊತೆಗೇ ಬರೆದಿಡಿ.