ಚಿಕ್ಕಮಾವ, ನಿಮ್ಮ ಐರ್ಲೆಂಡ್ ಮೆಸೇಜಿಗೆ ಉತ್ತರ

ಚಿಕ್ಕಮಾವ, ನಮಸ್ಕಾರ. ಟೈಪ್ ಮಾಡೋಕೆ ಕೈ ಬಿಡುವಿಲ್ಲ, ಅದಕ್ಕೇ ವಾಯ್ಸ್ ಮೆಸೇಜು. ಮಧ್ಯೆ ಕುಕ್ಕರ್ ಕೂಗಿದರೆ ಬೇಜಾರು ಮಾಡಿಕೊಳ್ಳಬೇಡಿ.

ಬೆಳಿಗ್ಗೆ ಗ್ರೂಪಿಗೆ ಹಾಕಿದ್ದಿರಲ್ಲ, 'ಹೆಂಗಸಿನ ಜಾಗ ಮನೆ ಅಂತ ಐರ್ಲೆಂಡಿನವರೇ ವೋಟು ಹಾಕಿದ್ದಾರೆ, ನೋಡಿಕೊಳ್ಳಿ' ಅಂತ. ವೋಟು ಆಗಿದ್ದು ನಿಜ. 2024ರ ಮಾರ್ಚ್ 8, ಮಹಿಳಾ ದಿನಾಚರಣೆಯ ದಿನವೇ. ನೂರಕ್ಕೆ ಸುಮಾರು 74 ಜನ ಬೇಡ ಅಂದರು, ಅದೂ ನಿಜ. ಆದರೆ ಏನು ಬೇಡ ಅಂದರು?

ಅವರ ಸಂವಿಧಾನ 1937ರದು. ಹೆಂಗಸು ಮನೆಯಲ್ಲಿದ್ದು ದೇಶಕ್ಕೆ ಆಸರೆ ಆಗುತ್ತಾಳೆ, ದುಡ್ಡಿನ ತಾಪತ್ರಯಕ್ಕೆ ತಾಯಂದಿರು ಮನೆ ಕೆಲಸ ಬಿಟ್ಟು ದುಡಿಯಲು ಹೋಗುವ ಹಾಗಾಗಬಾರದು ಅಂತ ಅದರಲ್ಲಿದೆ. ಅದನ್ನು ತೆಗೆದು, ಮನೆಯವರು ಒಬ್ಬರನ್ನೊಬ್ಬರು ನೋಡಿಕೊಳ್ಳುವುದಕ್ಕೆ ಬೆಂಬಲ ಕೊಡಲು ಸರ್ಕಾರ 'ಶ್ರಮಿಸುತ್ತದೆ' ಅಂತ ಹಾಕಲು ಹೊರಟರು. ಜನ ಬೇಡ ಅಂದಿದ್ದು ಈ ಬದಲಾವಣೆಯನ್ನು. ಹಳೇದೇ ಇರಲಿ ಅಂದವರೂ ಇದ್ದರು, ಇಲ್ಲ ಅನ್ನುವುದಿಲ್ಲ. ಆದರೆ ಅಂಗವಿಕಲರು, ಅವರನ್ನು ನೋಡಿಕೊಳ್ಳುವವರು ಎಷ್ಟೋ ಜನ ಸಿಟ್ಟಾಗಿದ್ದು ಆ 'ಶ್ರಮಿಸುತ್ತದೆ' ಅನ್ನೋ ಮಾತಿಗೆ. ಭಾರವೆಲ್ಲ ಮನೆಯವರ ತಲೆಗೆ, ಸರ್ಕಾರದ್ದು ಬರೀ ಪ್ರಯತ್ನ! ನಮ್ಮೂರಲ್ಲಿ 'ನೋಡೋಣ' ಅಂತಾರಲ್ಲ, ಹಾಗೆ.

ನನಗೆ ಅವರ ಸಿಟ್ಟು ಅರ್ಥವಾಗುತ್ತದೆ. ಅತ್ತೆಗೆ ಲಕ್ವ ಹೊಡೆದು ಮೂರು ವರ್ಷ ಆಯಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣು. ಅಂಬಲಿ ಕುಡಿಸುವಾಗ ತಲೆದಿಂಬು ಏರಿಸಿ, ಗದ್ದ ತುಸು ಬಗ್ಗಿಸಿ, ಅರ್ಧರ್ಧ ಚಮಚ. ಅವಸರ ಮಾಡಿದರೆ ನೆತ್ತಿಗೆ ಹತ್ತುತ್ತದೆ. ಒಂದು ಲೋಟಕ್ಕೆ ಮುಕ್ಕಾಲು ಗಂಟೆ. ಮೊನ್ನೆ ರೇಷನ್ ಕಾರ್ಡಿನ ಕೆಲಸಕ್ಕೆ ಹೋದಾಗ ಅಲ್ಲಿದ್ದವರು 'ಏನ್ ಕೆಲಸ ಮಾಡ್ತೀರಮ್ಮಾ' ಅಂದರು. ನಾನು ಬಾಯಿ ತೆರೆಯೋಕೆ ಮುಂಚೆ ನನ್ನ ಗಂಡ, ಅಂದರೆ ನಿಮ್ಮ ಅಣ್ಣನ ಮಗ, 'ಏನಿಲ್ಲ ಸಾರ್, ಮನೇಲೇ' ಅಂದ.

2019ರಲ್ಲಿ ಕೇಂದ್ರ ಸರ್ಕಾರವೇ ಲೆಕ್ಕ ಹಾಕಿಸಿತ್ತು. ಮನೆಗೆಲಸ ಮಾಡುವ ಹೆಂಗಸರು ಆಗ ಅದಕ್ಕೆ ಕೊಡುತ್ತಿದ್ದುದು ದಿನಕ್ಕೆ 299 ನಿಮಿಷ. ಗಂಡಸರಲ್ಲಿ ಮಾಡುವವರೇ ಕಮ್ಮಿ, ಮಾಡಿದರೂ 97. ರೋಗಿಗಳನ್ನು, ಮಕ್ಕಳನ್ನು ನೋಡಿಕೊಳ್ಳುವ ಹೊತ್ತು ಇದರಲ್ಲಿಲ್ಲ, ಅದು ಬೇರೆ. ಅಪಘಾತದ ಕೇಸುಗಳಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಿ ಪರಿಹಾರ ಕೊಡಿಸಿದೆ. ಅಂದರೆ ಸತ್ತ ಮೇಲೆ ರೇಟು ಗೊತ್ತಾಗುತ್ತೆ, ಅಲ್ವಾ?

ಗೃಹಲಕ್ಷ್ಮಿಯ ಎರಡು ಸಾವಿರ ಬಿಟ್ಟಿ ಭಾಗ್ಯ ಅಂತಲೂ ಬರೆದಿದ್ದಿರಿ. 2023ರಲ್ಲಿ ನಿಮ್ಮ ಮೈಸೂರಲ್ಲೇ ಶುರುವಾಗಿದ್ದು ಅದು. ನನ್ನ ದುಡ್ಡು ಅತ್ತೆಯ ಡೈಪರಿಗೇ ಮುಗಿಯುತ್ತದೆ, ಚಿಕ್ಕಮಾವ. ಬಿಟ್ಟಿ ಯಾರಿಗೆ ಸಿಕ್ಕಿತು ನೀವೇ ಹೇಳಿ.

ಸರಿ, ಅತ್ತೆ ಕರೀತಿದ್ದಾರೆ. ಭಾನುವಾರ ಮಂಡ್ಯಕ್ಕೆ ಬರುತ್ತೀರಂತೆ. ಸೇಬು ತರಬೇಡಿ, ಅವರಿಗೆ ಅಗಿಯೋಕೆ ಆಗಲ್ಲ. ಬೆಳಿಗ್ಗೆ ಆರಕ್ಕೇ ಬಂದುಬಿಡಿ. ಆರು, ಎಂಟು, ಹತ್ತು ಗಂಟೆಗೆ, ಹೀಗೆ ಮೂರು ಸಲ ನಿಮ್ಮ ಅತ್ತಿಗೆಯ ಮಗ್ಗುಲು ಬದಲಿಸುವ ಕೆಲಸ ನಿಮ್ಮದು. ಹೇಗೆ ಅಂತ ನಾನು ತೋರಿಸಿಕೊಡುತ್ತೇನೆ.