ಅಸಮಾನತೆ ಮತ್ತು ಅಪರಾಧ ನ್ಯಾಯ: ಪಾಠ ಎಲ್ಲಿಂದ ಶುರು ಮಾಡಲಿ?

ಧಾರವಾಡದ ಉಪನ್ಯಾಸಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕ್ರಿಮಿನಾಲಜಿ ಎಂ.ಎ. ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಬರುವ ಸೆಮಿಸ್ಟರ್‌ನಲ್ಲಿ ‘ಅಸಮಾನತೆ ಮತ್ತು ಅಪರಾಧ ನ್ಯಾಯ’ ಅನ್ನುವ ಪೇಪರ್ ನನಗೆ ಬಂದಿದೆ. ಬಹಳ ದಿನದಿಂದ ಬೇಕು ಅಂತ ಕೇಳುತ್ತಿದ್ದ ಪೇಪರ್ ಇದು. ಸಿಲಬಸ್‌ನ ಮೊದಲ ಘಟಕ ಪೂರ್ತಿ ಸಿದ್ಧಾಂತ. ಅದು ಬೇಡ ಅಂತಲ್ಲ. ಆದರೆ ಅದರಿಂದಲೇ ಶುರು ಮಾಡಿದರೆ ಹುಡುಗರು ನೋಟ್ಸ್ ಬರೆದುಕೊಂಡು ಸುಮ್ನೆ ಕೂತುಬಿಡುತ್ತಾರೆ.

ನನ್ನ ಕ್ಲಾಸಿನಲ್ಲಿ ಪೊಲೀಸ್ ಪೇದೆಗಳ ಮಕ್ಕಳಿದ್ದಾರೆ. ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವರೇ ಜಾಸ್ತಿ. ಮನೆಯವರೊಬ್ಬರು ಜೈಲಿನಲ್ಲಿರುವ ಹುಡುಗರೂ ಇದ್ದಾರೆ, ಅದನ್ನು ಅವರು ಎಲ್ಲರ ಮುಂದೆ ಹೇಳುವುದಿಲ್ಲ. ಜಾತಿಯ ಮಾತು ಬಂದ ಕೂಡಲೇ ಕ್ಲಾಸು ಎರಡು ಪಾಲಾಗುತ್ತದೆ. ಹೋದ ಸಲ ಒಬ್ಬ ಹುಡುಗಿ, “ಮೇಡಂ, ಕಾನೂನು ಎಲ್ಲರಿಗೂ ಒಂದೇ ಅಲ್ವಾ?” ಅಂತ ಕೇಳಿದಳು. ಮನಸ್ಸಿನಿಂದ ಕೇಳಿದ ಪ್ರಶ್ನೆ. ಅದಕ್ಕೆ ಇಡೀ ಸೆಮಿಸ್ಟರ್ ಕೂತು ಉತ್ತರ ಹುಡುಕಬೇಕು ಅನ್ನುವುದು ನನ್ನ ಆಸೆ.

ನೀವೇ ಆಗಿದ್ದರೆ ಯಾವುದರಿಂದ ಶುರು ಮಾಡುತ್ತಿದ್ದಿರಿ? ಇನ್ನೊಂದು ವಿಷಯ. ವಿದ್ಯಾರ್ಥಿಗಳನ್ನು ಬೆಳಗಾವಿಯ ಹಿಂಡಲಗಾ ಜೈಲಿಗೆ ಕರೆದುಕೊಂಡು ಹೋಗೋಣ ಅಂತ ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ಹೋಗುವುದು ಸರಿಯಾ?

ಕೊಪ್ಪಳದ ವಕೀಲ:

ಮೇಡಂ, ಜಾಮೀನಿನಿಂದ ಶುರು ಮಾಡಿ. ಅದರಲ್ಲೂ ಜಾಮೀನುದಾರನಿಂದ.

ನಾನು ಉಚಿತ ವಕೀಲರನ್ನು ಒದಗಿಸುವ ಕಾನೂನು ಸೇವಾ ಪ್ರಾಧಿಕಾರದ ಕೇಸುಗಳನ್ನು ನಡೆಸುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಮಂದಿಗೆ ಜಾಮೀನು ಆದೇಶ ಆಗಿರುತ್ತದೆ, ಆದರೂ ಒಳಗೇ ಇರುತ್ತಾರೆ. ಯಾಕಂದರೆ ಆದೇಶದಲ್ಲಿ ಇಷ್ಟು ಸಾವಿರದ ಬಾಂಡು, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ ಅಂತ ಇರುತ್ತದೆ. ಜಾಮೀನುದಾರ ಅಂದರೆ ನಮ್ಮ ಕಡೆ ಕೈಯಲ್ಲಿ ಹೊಲದ ಪಹಣಿ ಹಿಡಿದು ಬರುವವನು. ಕೂಲಿಗೆ ಹೋಗುವವನ ಪರಿಚಯದವರೂ ಕೂಲಿಯವರೇ. ಪಹಣಿ ಇರುವುದು ಊರ ಗೌಡರ ಹತ್ತಿರ. ಎಷ್ಟೋ ಸಲ ಜಗಳ ಆಗಿದ್ದೇ ಅವರ ಮನೆಯವರ ಜೊತೆ. ಹಾಗಾದರೆ ಯಾರನ್ನು ಕರೆತರುವುದು? ಇಲ್ಲಿ ಯಾರೂ ಕಾನೂನು ಮುರಿದಿಲ್ಲ, ನ್ಯಾಯಾಧೀಶರೂ ಯಾರಿಗೂ ಭೇದ ಮಾಡಿಲ್ಲ. ಆದರೂ ಒಬ್ಬ ಅದೇ ಸಂಜೆ ಮನೆಗೆ ಹೋಗುತ್ತಾನೆ, ಇನ್ನೊಬ್ಬ ತಿಂಗಳುಗಟ್ಟಲೆ ಒಳಗಿರುತ್ತಾನೆ. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ.

ಓದಿಸಲು 1978ರ ಮೋತಿರಾಮ್ ತೀರ್ಪು ಇದೆ. ಮಧ್ಯಪ್ರದೇಶದ ಒಬ್ಬ ಬಡ ಗಾರೆ ಕೆಲಸದವನು. ಅವನನ್ನು ಜಾಮೀನಿನ ಮೇಲೆ ಬಿಡಿ ಅಂತ ಸುಪ್ರೀಂ ಕೋರ್ಟೇ ಹೇಳಿತ್ತು. ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದರು. ಅವನ ಅಣ್ಣತಮ್ಮಂದಿರಲ್ಲೊಬ್ಬ ಜಾಮೀನು ನಿಲ್ಲಲು ಬಂದ. ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಅವನನ್ನು ಒಪ್ಪಲಿಲ್ಲ. ಆಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಒಬ್ಬ ಮಲಯಾಳಿಯೋ ಕನ್ನಡಿಗನೋ ಬಸ್ತರ್‌ನಲ್ಲಿ, ಚಾಂದನಿ ಚೌಕದಲ್ಲಿ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿ ಇರುವವರನ್ನು ಎಲ್ಲಿಂದ ತರಬೇಕು ಅಂತ ಕೇಳಿದರು. ಕೊನೆಗೆ ಜಾಮೀನುದಾರನಿಲ್ಲದೆ, 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಲು ಹೇಳಿದರು. ತೀರ್ಪು ಚಿಕ್ಕದು, ಒಂದು ಕ್ಲಾಸಿನಲ್ಲಿ ಓದಿ ಮುಗಿಸಬಹುದು.

ಆಮೇಲೆ 2022ರ ಜೈಲು ಅಂಕಿಅಂಶ ತೋರಿಸಿ. ದೇಶದ ಜೈಲುಗಳಲ್ಲಿದ್ದವರು 5.73 ಲಕ್ಷ. ಅದರಲ್ಲಿ 4.34 ಲಕ್ಷ ಜನ ವಿಚಾರಣಾಧೀನ ಕೈದಿಗಳು, ಅಂದರೆ ನೂರಕ್ಕೆ ಸುಮಾರು 76. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೆಲವು ಸೂಚನೆ ಕೊಟ್ಟಿದೆ. ಜಾಮೀನು ಸಿಕ್ಕಿ ಏಳು ದಿನವಾದರೂ ಹೊರಗೆ ಬರದಿದ್ದರೆ ಜೈಲಿನವರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡು ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಯೋಚಿಸಬಹುದು. ಬಡ ಕೈದಿಗಳಿಗೆ ಹಣದ ನೆರವು ಕೊಡುವ ಕೇಂದ್ರದ ಯೋಜನೆಯೂ 2023ರಲ್ಲಿ ಬಂತು. ಇಷ್ಟೆಲ್ಲ ಇದ್ದೂ ಜನ ಯಾಕೆ ಒಳಗಿದ್ದಾರೆ ಅಂತ ವಿದ್ಯಾರ್ಥಿಗಳೇ ಹುಡುಕಲಿ.

ಕ್ಲಾಸಿನಲ್ಲಿ ಮಾಡಿಸಲು ಒಂದು ಕೆಲಸ: ಖಾಲಿ ಬಾಂಡು ಫಾರಂ ಹಂಚಿ. ಪ್ರತಿಯೊಬ್ಬರೂ ನಾಳೆ ಬೆಳಿಗ್ಗೆ ತಮಗಾಗಿ ಪಹಣಿ ಹಿಡಿದು ಬರುವವರು ಯಾರು ಅಂತ ಬರೆಯಲಿ.

ನಿವೃತ್ತ ಜೈಲು ಸಿಬ್ಬಂದಿ, ಬಳ್ಳಾರಿ:

ಜೈಲು ಭೇಟಿಯ ಬಗ್ಗೆ ಮಾತ್ರ ಹೇಳುತ್ತೇನೆ. ಕಾಲೇಜು ತಂಡ ಬರುತ್ತದೆ ಅಂದರೆ ನಾವು ಬ್ಯಾರಕ್ ತೊಳೆಸುತ್ತಿದ್ದೆವು. ಬೇಕರಿ, ನೇಯ್ಗೆ ಘಟಕ, ಲೈಬ್ರರಿ ತೋರಿಸಿ ಕಳಿಸುತ್ತಿದ್ದೆವು. ಕೈದಿಗಳು ತಲೆ ತಗ್ಗಿಸಿ ನಿಂತಿರುತ್ತಿದ್ದರು. ತಮ್ಮ ಊರಿನ ಹುಡುಗ ಆ ತಂಡದಲ್ಲಿದ್ದರೆ ಅಂತ ಅವರಿಗೆ ಭಯ. ಆ ಮುಖಗಳನ್ನು ಹತ್ತಿರದಿಂದ ನೋಡಿದವನು ನಾನು, ಹಾಗಾಗಿ ಬೇಡ ಅನ್ನುತ್ತೇನೆ.

ಅದರ ಬದಲು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕರೆದುಕೊಂಡು ಹೋಗಿ, ಅಲ್ಲಿ ಯಾರು ಬೇಕಾದರೂ ಕೂರಬಹುದು. ರಿಮ್ಯಾಂಡ್, ಅಂದರೆ ಬಂಧಿಸಿದವರನ್ನು ಕಸ್ಟಡಿಗೆ ಕಳಿಸುವ ತೀರ್ಮಾನ, ನಡೆಯುವಾಗ ಗಡಿಯಾರ ನೋಡಲಿ. ಒಬ್ಬೊಬ್ಬರಿಗೆ ಎಷ್ಟು ಹೊತ್ತು ಸಿಗುತ್ತದೆ, ಯಾರ ಪಕ್ಕ ವಕೀಲರು ನಿಂತಿದ್ದಾರೆ, ಯಾರ ಪಕ್ಕ ಯಾರೂ ಇಲ್ಲ ಅಂತ ಬರೆದುಕೊಳ್ಳಲಿ. ಬಂಧನದಲ್ಲಿ ಇರುವ ಯಾರಿಗೇ ಆಗಲಿ, ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಂ ನೋಡಿ. ಒಳಗೆ ಬರುವ ಬಹಳಷ್ಟು ಜನಕ್ಕೆ ಅದು ಗೊತ್ತೇ ಇರುತ್ತಿರಲಿಲ್ಲ.

ಹುಬ್ಬಳ್ಳಿಯ ಸಂಶೋಧನಾ ವಿದ್ಯಾರ್ಥಿನಿ:

ವಕೀಲ ಸರ್ ಹೇಳಿದ ಫಾರಂ ಕೆಲಸ ಒಳ್ಳೆಯದು, ಆದರೆ ದಯವಿಟ್ಟು ಸ್ವಂತ ಹೆಸರಿನಲ್ಲಿ ಮಾಡಿಸಬೇಡಿ. ಭೂಮಿ ಇಲ್ಲದ ಮನೆಯ ಹುಡುಗಿ ಖಾಲಿ ಹಾಳೆ ಹಿಡಿದು ಕೂರಬೇಕಾಗುತ್ತದೆ, ಪಕ್ಕದವರು ನೋಡುತ್ತಾರೆ. ಪದವಿಯಲ್ಲಿ ಓದುವಾಗ ನಾನು ಹಾಗೆ ಕೂತಿದ್ದೇನೆ. ಮೇಷ್ಟ್ರು ಪ್ರೀತಿಯಿಂದಲೇ “ನಿಮ್ಮ ಸಮುದಾಯದ ಬಗ್ಗೆ ಹೇಳಮ್ಮಾ” ಅಂದಿದ್ದರು. ಆ ದಿನದ ನಂತರ ನಾನು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಒಂದು ಪಾತ್ರ ಕೊಡಿ: ಯಾದಗಿರಿಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವನು, ಮೊಬೈಲ್ ಕಳ್ಳತನದ ಆರೋಪ. ಅವನಿಗೆ ಜಾಮೀನುದಾರನನ್ನು ಎಲ್ಲರೂ ಸೇರಿ ಹುಡುಕಲಿ.

ನಮ್ಮ ಅಜ್ಜಿ ಹುಟ್ಟಿದ್ದು ಹುಬ್ಬಳ್ಳಿಯ ಸೆಟ್ಲ್‌ಮೆಂಟ್‌ನಲ್ಲಿ. ಸುತ್ತ ತಂತಿಬೇಲಿ ಇತ್ತು, ದಿನಾ ಹಾಜರಿ ಕೊಡಬೇಕಿತ್ತು ಅಂತ ಹೇಳುತ್ತಿದ್ದಳು. ಯಾವ ಅಪರಾಧವನ್ನೂ ಮಾಡದೆ, ಒಂದು ಸಮುದಾಯದಲ್ಲಿ ಹುಟ್ಟಿದ್ದಕ್ಕೆ. ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳು ಅಂತ ಗುರುತಿಸಿದ ಬ್ರಿಟಿಷರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಶುರುವಾದದ್ದು 1871ರಲ್ಲಿ, ರದ್ದಾದದ್ದು 1952ರಲ್ಲಿ. ಅದರ ಜಾಗಕ್ಕೆ ರಾಜ್ಯಗಳಲ್ಲಿ ‘ರೂಢಿಗತ ಅಪರಾಧಿ’ (ಪದೇ ಪದೇ ಅಪರಾಧ ಮಾಡುವವರು) ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರದ್ದು. ಜೈಲಿನಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು 2024ರ ಅಕ್ಟೋಬರ್ 3ರಂದು. ಕೈದಿಗಳ ರಿಜಿಸ್ಟರ್‌ನಿಂದ ಜಾತಿ ಕಾಲಂ ತೆಗೆಯಿರಿ ಅಂತಲೂ ಹೇಳಿತು. ಪತ್ರಕರ್ತೆ ಸುಕನ್ಯಾ ಶಾಂತಾ ಹಾಕಿದ್ದ ಕೇಸು ಅದು. 1871ರಿಂದ 2024ರವರೆಗಿನ ಈ ದಾರಿ ನಿಮ್ಮ ಎರಡನೇ ಘಟಕ ಆಗಬೇಕು ಮೇಡಂ. ಪಿಎಸ್‌ಐ ಆಗಲಿರುವ ಹುಡುಗರಿಗೆ ಇದು ಗೊತ್ತಿರಲೇಬೇಕು. ಕಳ್ಳತನ ಆದ ಕೂಡಲೇ ಮೊದಲು ಯಾವ ಓಣಿಗೆ ಜೀಪು ಹೋಗುತ್ತದೆ ಅನ್ನುವುದನ್ನು ನಾಳೆ ತೀರ್ಮಾನಿಸುವವರು ಅವರೇ.

ಧಾರವಾಡದ ಉಪನ್ಯಾಸಕಿ:

ತುಂಬಾ ಧನ್ಯವಾದ. ಜೈಲು ಭೇಟಿ ಕೈಬಿಟ್ಟೆ, ಕೋರ್ಟಿಗೇ ಹೋಗುತ್ತೇವೆ. ಯಾದಗಿರಿಯ ಹುಡುಗನಿಗೆ ಒಂದು ಹೆಸರಿಟ್ಟು ಇಡೀ ಸೆಮಿಸ್ಟರ್ ಅವನ ಕೇಸನ್ನೇ ನಡೆಸಬೇಕು ಅನಿಸುತ್ತಿದೆ: ಎಫ್‌ಐಆರ್, ರಿಮ್ಯಾಂಡ್, ಜಾಮೀನು, ಚಾರ್ಜ್‌ಶೀಟ್, ತೀರ್ಪು. ಪ್ರತಿ ಹಂತದಲ್ಲೂ ಅವನ ಹತ್ತಿರ ದುಡ್ಡಿದ್ದಿದ್ದರೆ ಏನಾಗುತ್ತಿತ್ತು ಅಂತ ಕೇಳಬಹುದು. ಸಿದ್ಧಾಂತ ಆಮೇಲೆ ತಾನಾಗೇ ಬೇಕಾಗುತ್ತದೆ.

ಒಂದು ಉಳಿಯಿತು. ಇಲ್ಲಿಯವರೆಗೆ ನಾವು ಮಾತಾಡಿದ್ದು ಆರೋಪಿಯ ಕಡೆಯಿಂದ. ದೌರ್ಜನ್ಯಕ್ಕೆ ಒಳಗಾದವರ ಕಡೆಯಿಂದ ಏನು ಓದಿಸಲಿ?

ಕೊಪ್ಪಳದ ವಕೀಲ:

ಫಾರಂ ವಿಷಯದಲ್ಲಿ ತಂಗಿ ಹೇಳಿದ್ದೇ ಸರಿ, ಹಾಗೇ ಮಾಡಿ.

ನಿಮ್ಮ ಪ್ರಶ್ನೆಗೆ: ಕಂಬಾಲಪಲ್ಲಿ ಮತ್ತು ಮರಕುಂಬಿ, ಎರಡನ್ನೂ ಒಟ್ಟಿಗೆ ಓದಿಸಿ. ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಕೋರ್ಟಿನಲ್ಲಿ ತಮ್ಮ ಮೊದಲಿನ ಹೇಳಿಕೆಯಿಂದ ಹಿಂದೆ ಸರಿದರು. 2006ರಲ್ಲಿ ಎಲ್ಲ ಆರೋಪಿಗಳೂ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ 2014ರ ಆಗಸ್ಟ್‌ನಲ್ಲಿ ನಮ್ಮ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ಟರು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟ್‌ನ ಧಾರವಾಡ ಪೀಠದಿಂದ ಅವರಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು.

ಸಾಕ್ಷಿ ಹೇಳಿದವರು ವಿಚಾರಣೆ ನಡೆದ ವರ್ಷಗಳಲ್ಲಿ ಎಲ್ಲಿ ವಾಸವಿದ್ದರು, ಯಾರ ಹೊಲದಲ್ಲಿ ದುಡಿಯುತ್ತಿದ್ದರು ಅನ್ನುವ ಪ್ರಶ್ನೆ ಇಟ್ಟುಕೊಂಡು ಓದಿಸಿ. ಜೊತೆಗೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸೇರಿದ 15ಎ ಕಲಂ ಇಡಿ, ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳು ಅಲ್ಲಿವೆ. ಇದಕ್ಕೆ ಒಂದೇ ಕ್ಲಾಸು ಸಾಲದು, ಎರಡು ವಾರವಾದರೂ ಕೊಡಿ. ವಿದ್ಯಾರ್ಥಿಗಳನ್ನು ಕೊಪ್ಪಳಕ್ಕೆ ಕರೆತರುವುದಾದರೆ ಮೊದಲೇ ತಿಳಿಸಿ, ಕೋರ್ಟಿನ ರಜೆ ನೋಡಿಕೊಂಡು ದಿನ ಗೊತ್ತು ಮಾಡೋಣ.