ಅಮ್ಮನಿಗೆ ರುಮಟಾಯ್ಡ್ ಸಂಧಿವಾತ: ನಾನೂ ಜೀನ್ ಪರೀಕ್ಷೆ ಮಾಡಿಸಬೇಕೇ?

ಪ್ರಶ್ನೆ: ಅಮ್ಮನಿಗೆ ಆರು ವರ್ಷಗಳಿಂದ ರುಮಟಾಯ್ಡ್ ಸಂಧಿವಾತವಿದ್ದು (ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ), ರಕ್ತದಲ್ಲಿ ಆಂಟಿ-ಸಿಸಿಪಿ ಎಂಬ, ಈ ಕಾಯಿಲೆಯಲ್ಲಿ ಕಾಣುವ ಪ್ರತಿಕಾಯ ಪಾಸಿಟಿವ್ ಬಂದಿದೆ. ನನಗೆ 34 ವರ್ಷ; ಸದ್ಯ ಯಾವ ತೊಂದರೆಯೂ ಇಲ್ಲ. ನನಗೂ ಬರುತ್ತದೆಯೇ ಎಂಬುದು ಎಚ್‌ಎಲ್‌ಎ (ರೋಗನಿರೋಧಕ ವ್ಯವಸ್ಥೆಯ ಜೀನ್‌ಗಳ ಗುಂಪು) ಪರೀಕ್ಷೆಯಿಂದ ತಿಳಿಯುವುದೇ? ಮಾಡಿಸಿದವರು ದಯವಿಟ್ಟು ತಿಳಿಸಿ.

ಉತ್ತರ: ಮೊದಲು ಯಾವ ಎಚ್‌ಎಲ್‌ಎ ಎಂದು ವಿಚಾರಿಸಿಕೊಳ್ಳಿ. ನಾನು ಗಾಬರಿಯಲ್ಲಿ ಎಚ್‌ಎಲ್‌ಎ-ಬಿ27 ಮಾಡಿಸಿ, ನೆಗೆಟಿವ್ ಬಂದಿತೆಂದು ಮನೆಯವರಿಗೆಲ್ಲ ಹೇಳಿಕೊಂಡು ಬಂದೆ. ಅದು ಮುಖ್ಯವಾಗಿ ಬೆನ್ನುಮೂಳೆಯ ಕೀಲುಗಳು ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ಗೆ ಸಂಬಂಧಿಸಿದ್ದು, ರುಮಟಾಯ್ಡ್ ಸಂಧಿವಾತಕ್ಕೆ ಸಂಬಂಧಿಸಿದ್ದು ಎಚ್‌ಎಲ್‌ಎ-ಡಿಆರ್‌ಬಿ1 ಎಂಬ ಜೀನ್ ಎಂದು ವೈದ್ಯರು ಆಮೇಲೆ ತಿಳಿಸಿದರು.

ಉತ್ತರ: ನಾನೂ ನನ್ನ ಅಕ್ಕನೂ ಒಂದೇ ಅಂಡದಿಂದ ಹುಟ್ಟಿದ, ಅಂದರೆ ಒಂದೇ ಬಗೆಯ ಜೀನ್‌ಗಳಿರುವ ಅವಳಿಗಳು, ಹತ್ತು ನಿಮಿಷ ಮೊದಲು ಹುಟ್ಟಿದ್ದಕ್ಕೇ ಅವಳು ಅಕ್ಕ. ಅವಳಿಗೆ ಹನ್ನೊಂದು ವರ್ಷಗಳಿಂದ ಈ ಕಾಯಿಲೆಯಿದೆ, ನನಗೆ ಇಂದಿಗೂ ಇಲ್ಲ. ಬ್ರಿಟನ್ನಿನಲ್ಲಿ ಇಂತಹ ಅವಳಿಗಳನ್ನು ಅಧ್ಯಯನ ಮಾಡಿದಾಗ, ಒಬ್ಬರಿಗೆ ಕಾಯಿಲೆಯಿದ್ದು ಇನ್ನೊಬ್ಬರಿಗೂ ಬಂದಿದ್ದು ಸುಮಾರು ಶೇ. 15ರಷ್ಟು ಜೋಡಿಗಳಲ್ಲಿ ಮಾತ್ರ ಎಂದು ಓದಿದ ಮೇಲೆ ನನಗೆ ನಿದ್ದೆ ಬಂದಿತು.

ಹಾಗೆಂದು ಜೀನ್‌ಗೆ ಪಾತ್ರವಿಲ್ಲವೆಂದಲ್ಲ. ಆರನೆಯ ವರ್ಣತಂತುವಿನಲ್ಲಿರುವ ಡಿಆರ್‌ಬಿ1 ಜೀನ್, ಪ್ರೋಟೀನಿನ ತುಣುಕುಗಳನ್ನು ಹಿಡಿದು ರೋಗನಿರೋಧಕ ಕಣಗಳಿಗೆ ತೋರಿಸುವ ಅಣುವಿನ ಒಂದು ಭಾಗವನ್ನು ರೂಪಿಸುತ್ತದೆ. ಆ ಭಾಗದ 70ರಿಂದ 74ನೆಯ ಸ್ಥಾನಗಳಲ್ಲಿ ಒಂದೇ ಬಗೆಯ ಅಮೈನೋ ಆಮ್ಲಗಳ ಜೋಡಣೆ ರೋಗಿಗಳಲ್ಲಿ ಹೆಚ್ಚಾಗಿ ಕಾಣುವುದರಿಂದ 1987ರಲ್ಲಿ ಅದಕ್ಕೆ ‘ಶೇರ್ಡ್ ಎಪಿಟೋಪ್’ ಎಂಬ ಹೆಸರು ಬಂದಿತು. ಆದರೆ ಈ ಜೋಡಣೆಯನ್ನು ಹೊತ್ತ ಬಹುತೇಕ ಜನ ಜೀವನಪೂರ್ತಿ ಆರೋಗ್ಯವಾಗಿಯೇ ಇರುತ್ತಾರೆ. ಇನ್ನೊಂದು ಮಾತು: ಮನೆಗೇ ಕಿಟ್ ಕಳಿಸುವ ಕಂಪನಿಗಳ ವರದಿಯಲ್ಲಿ ಪಿಟಿಪಿಎನ್22 ಎಂಬ, ಈ ಕಾಯಿಲೆಗೆ ಸಂಬಂಧಿಸಿದ ಇನ್ನೊಂದು ಜೀನಿನ ಹೆಸರು ಕಂಡರೆ, ಅದರ ಅಪಾಯದ ರೂಪ ಯುರೋಪ್ ಮೂಲದವರಲ್ಲಿ ಸಾಮಾನ್ಯವಾಗಿದ್ದು ಭಾರತೀಯರಲ್ಲಿ ಅಪರೂಪ ಎಂಬುದು ನೆನಪಿರಲಿ. ಅದು ಇಲ್ಲವೆಂದು ಬಂದರೆ ನಮಗೆ ಹೊಸದಾಗಿ ತಿಳಿಯುವುದು ಏನೂ ಇಲ್ಲ.

ಉತ್ತರ: ನಮ್ಮ ತಂದೆಯವರು ದಿನಕ್ಕೆರಡು ಕಟ್ಟು ಬೀಡಿ ಸೇದುತ್ತಿದ್ದರು, ಕಾಯಿಲೆ ಬಂದಿದ್ದು ಅವರಿಗೆ, ಸೇದದ ಚಿಕ್ಕಪ್ಪನಿಗಲ್ಲ. ಒಂದು ಮನೆಯ ಕಥೆಯಿಂದ ಏನೂ ಸಿದ್ಧವಾಗದು, ನಿಜ. ಆದರೆ 2006ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ, ತಂದೆ ತಾಯಿ ಇಬ್ಬರಿಂದಲೂ ಶೇರ್ಡ್ ಎಪಿಟೋಪ್ ಪಡೆದು ಧೂಮಪಾನವನ್ನೂ ಮಾಡಿದವರಿಗೆ, ಇವೆರಡೂ ಇಲ್ಲದವರಿಗಿಂತ 21 ಪಟ್ಟು ಹೆಚ್ಚು ಅಪಾಯ ಕಂಡುಬಂದಿತ್ತು, ಅದೂ ನಿಮ್ಮ ಅಮ್ಮನಂತೆ ಆಂಟಿ-ಸಿಸಿಪಿ ಇರುವ ಬಗೆಯಲ್ಲಿ. ಮನೆಯಲ್ಲಿ ಯಾರಾದರೂ ಸೇದುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ.

ಉತ್ತರ: ನಾನು ಪರೀಕ್ಷೆ ಮಾಡಿಸಲಿಲ್ಲ, ಬೆರಳುಗಳ ಮೇಲೆ ಗಮನವಿಟ್ಟಿದ್ದೇನೆ. ನಮ್ಮ ಅತ್ತೆಯವರಿಗೆ ಬೆಳಿಗ್ಗೆ ರಂಗೋಲಿ ಪುಡಿಯನ್ನು ಬೆರಳ ತುದಿಯಲ್ಲಿ ಹಿಡಿಯಲಾಗುತ್ತಿರಲಿಲ್ಲ, ಬಿಸಿಲೇರಿದ ಮೇಲೆ ಸರಿಯಾಗುತ್ತಿತ್ತು. ವಯಸ್ಸಾಯಿತೆಂದು ಎಂಟು ತಿಂಗಳು ಸುಮ್ಮನಿದ್ದೆವು. ಅಷ್ಟರಲ್ಲಿ ಎರಡು ಬೆರಳು ಸೊಟ್ಟಗಾದವು. ಬೆಳಗಿನ ಬಿಗಿತ ಒಂದು ಗಂಟೆ ಇಳಿಯದೆ, ಕೀಲುಗಳು ಊದಿಕೊಂಡು ಕೆಲವು ವಾರ ಹಾಗೇ ಇದ್ದರೆ ರುಮಟಾಲಜಿಸ್ಟರನ್ನು (ಸಂಧಿವಾತ ತಜ್ಞರನ್ನು) ಕಾಣಿ, ಅಮ್ಮನ ಹಳೆಯ ವರದಿಗಳನ್ನೂ ಜೊತೆಗೆ ಒಯ್ಯಿರಿ.